ಪಿಯುಸಿವರೆಗೆ ಕಾಣದ ಎಡಿಎಚ್‌ಡಿ ಹಾಸ್ಟೆಲ್ ಸೇರಿದ ಮೇಲೆ ಎಲ್ಲಿಂದ ಬರುತ್ತೆ? ಹುಟ್ಟಿನದೋ, ಬೆಳೆಸಿದ್ದೋ?

ಹಾಸ್ಟೆಲ್‌ವಾರ್ಡನ್
ಎಂಜಿನಿಯರಿಂಗ್ ಕಾಲೇಜುಗಳಲ್ಲಿ ವರ್ಷಾ ವರ್ಷಾ ಏಳೋ ತಗಾದೆ ಇದು. ಇಲ್ಲಿ ತಿಳಿದವರಿದ್ದೀರಿ ಅಂತ ಕೇಳ್ತಿದೀನಿ. ಎಸ್ಸೆಸ್ಸೆಲ್ಸಿ, ಪಿಯುಸಿ ಎರಡರಲ್ಲೂ ತೊಂಬತ್ತರ ಮೇಲೆ ತೆಗೆದ ಹುಡುಗರು ಮೊದಲ ಸೆಮಿಸ್ಟರಿನಲ್ಲೇ ಮುಗ್ಗರಿಸ್ತಾರೆ. ಅಟೆಂಡೆನ್ಸ್ 85% ಮುಟ್ಟಲ್ಲ, ಲ್ಯಾಬ್ ರೆಕಾರ್ಡ್ ಬರೆದಿರಲ್ಲ, ಅಸೈನ್‌ಮೆಂಟ್ ಮುಗಿಸಿಟ್ಟು ಕೊಡೋದನ್ನೇ ಮರೆತಿರ್ತಾರೆ. ಮನೋವೈದ್ಯರು ಇದನ್ನ ಗಮನ ನಿಲ್ಲಿಸೋಕೂ ಸುಮ್ಮನೆ ಕೂರೋಕೂ ಕಷ್ಟವಾಗೋ ತೊಂದರೆ, ಅಂದ್ರೆ ಎಡಿಎಚ್‌ಡಿ ಅಂತಾರೆ. ಮನೆಯವರು "ಹದಿನೆಂಟು ವರ್ಷ ಇಲ್ಲದ್ದು ಈಗೆಲ್ಲಿಂದ ಬಂತು?" ಅಂತಾರೆ.

ಒಂದು ಪಕ್ಷದ ಪ್ರಕಾರ ಹುಟ್ಟಿನಿಂದಲೇ ಮೆದುಳು ಹಾಗೆ. ಇನ್ನೊಂದು ಪಕ್ಷದ ವಾದ: ಒತ್ತಡದ ಮನೇಲಿ ಬೆಳೆದ ಮಗು ಅದನ್ನ ತಾಳಿಕೊಳ್ಳೋಕೆ ಮನಸ್ಸನ್ನ ಬೇರೆಲ್ಲೋ ಹರಿಬಿಡೋದು ಕಲಿಯುತ್ತೆ, ಅದೇ ಅಭ್ಯಾಸವಾಗುತ್ತೆ, ಸಮಾಜ ಅದಕ್ಕೊಂದು ಕಾಯಿಲೆಯ ಹೆಸರಿಡುತ್ತೆ. ಯಾವುದು ಸರಿ?

ಪೇಡೆನಗರ
ಮೊಬೈಲ್ ಕಸ್ಕೊಂಡು ಒಂದ್ ತಿಂಗಳ ಇಡ್ರಿ. ಎಡಿಎಚ್‌ಡಿ ಎಲ್ಲಿ ಹೋತು ಅಂತ ಹುಡುಕಬೇಕಾಗ್ತದ.

ಸಲಹೆಗಾರ್ತಿ
ವಾರ್ಡನ್ ಸರ್, "ಇರಲಿಲ್ಲ" ಅನ್ನೋದನ್ನೇ ಮೊದಲು ಅನುಮಾನದಿಂದ ನೋಡಿ. ಪಿಯುಸಿವರೆಗೆ ಆ ಹುಡುಗನ್ನ ಬೆಳಗ್ಗೆ ಎಬ್ಬಿಸ್ತಿದ್ದೋರು ಯಾರು? ಬ್ಯಾಗ್ ಜೋಡಿಸಿದ್ದು, ಟ್ಯೂಷನ್ ಫೀಸು-ಟೈಮು ನೋಡಿಕೊಂಡಿದ್ದು, "ನಾಳೆ ಕೆಮಿಸ್ಟ್ರಿ ಟೆಸ್ಟ್ ಕಣೋ" ಅಂತ ನೆನಪಿಸಿದ್ದು? ಪಿಯು ಕಾಲೇಜಲ್ಲಿ ವಾರವಾರ ಟೆಸ್ಟ್, ಸಂಜೆ ಸ್ಟಡಿ ಅವರ್, ಅಲ್ಲೊಬ್ಬ ಸೂಪರ್‌ವೈಸರ್. ಕೆಲಸ ಶುರು ಮಾಡೋದು, ಹೊತ್ತು ಅಂದಾಜು ಮಾಡೋದು, ಮುಗಿಸಿ ತಲುಪಿಸೋದು ಎಲ್ಲಾ ಬೇರೆಯವರ ಕೈಲಿತ್ತು. ಹುಡುಗನ ಪಾಲಿಗೆ ಉಳಿದಿದ್ದು ಅರ್ಥ ಮಾಡಿಕೊಂಡು ಬರೆಯೋದು ಮಾತ್ರ, ಅದು ಅವನಿಗೆ ಸಲೀಸು. ಹಾಸ್ಟೆಲಿಗೆ ಬಂದ ದಿನ ಆ ಇಡೀ ವ್ಯವಸ್ಥೆ ಒಟ್ಟಿಗೆ ಹೋಯ್ತು.

ಹಳೇ ಸ್ಕೂಲ್ ಡೈರಿ ತರಿಸಿ ನೋಡಿ. "ಹೋಂವರ್ಕ್ ತಂದಿಲ್ಲ", "ಪಾಠದ ನಡುವೆ ಮಾತು", "ಬುದ್ಧಿವಂತ, ಆದರೆ ಅಜಾಗರೂಕ", ವರ್ಷಕ್ಕೆ ಮೂರು ಟಿಫಿನ್ ಬಾಕ್ಸು, ಲೆಕ್ಕಿಲ್ಲದಷ್ಟು ಕೊಡೆ. ಮನೋವೈದ್ಯರು ರೋಗ ಗುರುತಿಸೋಕೆ ಬಳಸೋ ಅಮೆರಿಕದ ಕೈಪಿಡಿ, 2013ರ ಡಿಎಸ್‌ಎಂ-5 ಕೇಳೋದು 12 ವರ್ಷಕ್ಕೆ ಮುಂಚೆ ಹಲವು ಲಕ್ಷಣ ಇದ್ದವಾ ಅಂತ. ಆಗಲೇ ಫೇಲ್ ಆಗ್ತಿದ್ದನಾ ಅಂತ ಅಲ್ಲ. ಹಿಂದಿನ ಆವೃತ್ತಿಯಲ್ಲಿ 7 ವರ್ಷಕ್ಕೆ ಮುಂಚೆಯೇ ತೊಂದರೆ ಕಂಡಿರಬೇಕು ಅಂತಿತ್ತು, ಅದನ್ನ ಸಡಿಲಿಸಿದ್ದಕ್ಕೆ ಇಂಥ ಮಕ್ಕಳೂ ಒಂದು ಕಾರಣ.

ಕಡಲತಡಿ
ಹಾಗಾದ್ರೆ ನೀವು ಹೇಳುವುದು ಎಂತ ಮಾರಾಯ್ರೇ, ಮನೆಯವರು ಚೆನ್ನಾಗಿ ನೋಡಿಕೊಂಡದ್ದೇ ತಪ್ಪಾ?

ಸಲಹೆಗಾರ್ತಿ
ಅಯ್ಯೋ ತಪ್ಪಲ್ಲ. ಅದೇ ಅವನನ್ನ ಅಲ್ಲಿವರೆಗೆ ದಾಟಿಸಿದ್ದು. ಕಳಚೋವಾಗ ಒಂದೊಂದಾಗಿ ಕಳಚಬೇಕಿತ್ತು, ಅಷ್ಟೇ.

ಅಂಕಿಅಂಶ
ಹುಟ್ಟಿನ ಪಾತ್ರದ ಬಗ್ಗೆ ಸಂಖ್ಯೆ ಇಟ್ಟುಕೊಂಡೇ ಮಾತಾಡೋಣ. ಅವಳಿ ಮಕ್ಕಳ ಅಧ್ಯಯನಗಳನ್ನೆಲ್ಲ ಒಟ್ಟುಮಾಡಿದರೆ ಎಡಿಎಚ್‌ಡಿಯ ಅನುವಂಶೀಯತೆ ಸುಮಾರು 74%. ಮನೋವೈದ್ಯಕೀಯದಲ್ಲಿ ಇಷ್ಟು ಎತ್ತರದ ಅಂಕಿ ಕಾಣೋದು ಆಟಿಸಂ, ಸ್ಕಿಜೋಫ್ರೇನಿಯಾ, ಬೈಪೋಲಾರ್ ಇಂಥ ಕೆಲವಕ್ಕೆ ಮಾತ್ರ. ದತ್ತು ಹೋದ ಮಕ್ಕಳಲ್ಲೂ ಅಷ್ಟೇ, ಲಕ್ಷಣಗಳು ಸಾಕಿದವರಿಗಿಂತ ಹೆತ್ತವರನ್ನೇ ಹೆಚ್ಚು ಹೋಲುತ್ತವೆ.

ಆದರೆ 74% ಅಂದ್ರೆ "ಈ ಹುಡುಗನ ಎಡಿಎಚ್‌ಡಿಯಲ್ಲಿ ಮುಕ್ಕಾಲು ಪಾಲು ಜೀನು, ಕಾಲು ಪಾಲು ಅಮ್ಮ" ಅಂತ ಅರ್ಥ ಅಲ್ಲ. ಆ ಜನಸಮುದಾಯದಲ್ಲಿ ವ್ಯಕ್ತಿಯಿಂದ ವ್ಯಕ್ತಿಗೆ ಕಾಣೋ ವ್ಯತ್ಯಾಸದಲ್ಲಿ ಅಷ್ಟು ಭಾಗ ಜೀನಿನ ವ್ಯತ್ಯಾಸದ ಜೊತೆ ಹೋಗುತ್ತೆ ಅಂತ ಮಾತ್ರ. ಒಬ್ಬ ವ್ಯಕ್ತಿಗೆ ಈ ಲೆಕ್ಕ ಹಚ್ಚೋಕೆ ಬರಲ್ಲ.

ಮುಳ್ಳುಗಂಟಿ
ಆ 74ರ ಪುರಾಣ ಗೊತ್ತು ಸರ್. 2023ರಲ್ಲಿ 38,691 ಎಡಿಎಚ್‌ಡಿ ಇರೋರ ಡಿಎನ್‌ಎ ಜಾಲಾಡಿ ಸಿಕ್ಕಿದ್ದು 27 ಜಾಗ. ಸಾಮಾನ್ಯ ರೂಪಾಂತರಗಳೆಲ್ಲಾ (ಬಹಳ ಜನರಲ್ಲಿ ಕಾಣೋ ಡಿಎನ್‌ಎ ವ್ಯತ್ಯಾಸಗಳು) ಸೇರಿ ವಿವರಿಸಿದ್ದು 14%. ಉಳಿದ 60 ಎಲ್ಲಿ? "ಹುಟ್ಟಿನದು" ಅಂತ ಹೇಳಿಬಿಟ್ಟರೆ ಶಾಲೆನೂ ಬದಲಾಗಬೇಕಿಲ್ಲ, ಕಂಪನಿನೂ ಬದಲಾಗಬೇಕಿಲ್ಲ. ಅದಕ್ಕೇ ಎಲ್ರಿಗೂ ಆ ಉತ್ತರ ಇಷ್ಟ.

ಅಂಕಿಅಂಶ
ನ್ಯಾಯವಾದ ಪ್ರಶ್ನೆ. ಒಂದು ಪಾಲು ಅಪರೂಪದ ರೂಪಾಂತರಗಳು. ಆ ವಿಧಾನ ಅವನ್ನ ಹಿಡಿಯಲ್ಲ. ಇನ್ನೊಂದು ಪಾಲು ನಿಮ್ಮ ಕಡೆಗೇ ಬರುತ್ತೆ, ಕೇಳಿ: ಒಂದೇ ಮನೆಯ ವಾತಾವರಣ ಬೇರೆ ಬೇರೆ ಜೀನಿನ ಮಕ್ಕಳ ಮೇಲೆ ಬೇರೆ ಬೇರೆ ಪರಿಣಾಮ ಮಾಡಿದರೆ, ಅವಳಿ ಲೆಕ್ಕದಲ್ಲಿ ಅದೂ ಜೀನಿನ ಖಾತೆಗೇ ಜಮಾ ಆಗುತ್ತೆ. ಹಾಗಾಗಿ 74ರೊಳಗೆ ಪರಿಸರ ಇಲ್ಲವೇ ಇಲ್ಲ ಅನ್ನೋಕಾಗಲ್ಲ. ಆದರೆ "ಜೀನ್ ಸಿಕ್ಕಿಲ್ಲ, ಆದ್ದರಿಂದ ಸಮಾಜ" ಅನ್ನೋದೂ ಆಗಲ್ಲ.

ಮುಳ್ಳುಗಂಟಿ
ಅಂತೂ ಒಪ್ಪಿದ್ರಲ್ಲ.

ಅಂಕಿಅಂಶ
ಅರ್ಧ.

ಮಕ್ಕಳವೈದ್ಯ
ಸಮೀಪದೃಷ್ಟಿ ತಗೊಳ್ಳಿ. ಅದೂ ಬಹುಪಾಲು ಅನುವಂಶೀಯ. ಆದರೂ ಪೂರ್ವ ಏಷ್ಯಾದ ನಗರಗಳಲ್ಲಿ ಎರಡೇ ತಲೆಮಾರಿನಲ್ಲಿ ವಿಪರೀತ ಏರಿತು, ಮಕ್ಕಳು ಬಿಸಿಲಲ್ಲಿ ಹೆಚ್ಚು ಹೊತ್ತು ಇದ್ದರೆ ಕಡಿಮೆಯಾಗುತ್ತೆ, ಕನ್ನಡಕ ಹಾಕಿದರೆ ಬೋರ್ಡು ಕಾಣುತ್ತೆ. ಹುಟ್ಟಿನದಾ ಬೆಳೆಸಿದ್ದಾ ಅಂತ ಅಲ್ಲಿ ಯಾರೂ ಜಗಳ ಮಾಡಲ್ಲ.

ಮನೆಯ ಪಾತ್ರದ ಬಗ್ಗೆ ಗಟ್ಟಿ ಪುರಾವೆ ಒಂದೇ ಒಂದು ಕಡೆ ಇದೆ: ರೊಮೇನಿಯಾ. 1989ರಲ್ಲಿ ಚೌಷೆಸ್ಕು ಆಡಳಿತ ಬಿದ್ದ ಮೇಲೆ ಅಲ್ಲಿನ ಅನಾಥಾಲಯಗಳಿಂದ ಬ್ರಿಟನ್ನಿಗೆ ದತ್ತು ಹೋದ 165 ಮಕ್ಕಳನ್ನ ದೊಡ್ಡವರಾಗೋವರೆಗೆ ಗಮನಿಸಿದರು. ಆರು ತಿಂಗಳಿಗಿಂತ ಕಡಿಮೆ ಅಲ್ಲಿದ್ದವರು ಬಹುಮಟ್ಟಿಗೆ ಬೇರೆ ದತ್ತು ಮಕ್ಕಳ ಹಾಗೇ ಬೆಳೆದರು. ಅದಕ್ಕಿಂತ ಹೆಚ್ಚು ಇದ್ದವರಲ್ಲಿ ಎಡಿಎಚ್‌ಡಿ ಲಕ್ಷಣ ಎತ್ತರದಲ್ಲೇ ಉಳೀತು, ಒಳ್ಳೆ ಮನೆ ಸಿಕ್ಕಿದ ಎಷ್ಟೋ ವರ್ಷದ ಮೇಲೂ. ಅಲ್ಲಿ ಹಸಿವು, ತೊಟ್ಟಿಲಿನಿಂದ ಎತ್ತಿಕೊಳ್ಳೋರಿಲ್ಲ, ಮಾತಾಡಿಸೋರಿಲ್ಲ. ಅಮ್ಮ ಕೆಲಸಕ್ಕೆ ಹೋಗ್ತಾಳೆ, ಅಪ್ಪ ರೇಗ್ತಾನೆ ಅನ್ನೋದನ್ನ ಅದರ ಪಕ್ಕ ಇಡೋಕಾಗಲ್ಲ. ಅವಧಿಗೆ ಮುಂಚೆ ಹುಟ್ಟಿದ್ದು, ತೂಕ ಕಡಿಮೆ ಇದ್ದದ್ದು, ಸೀಸದ ಸಂಪರ್ಕ ಇವೂ ಅಪಾಯ ಹೆಚ್ಚಿಸುತ್ತವೆ.

ಇರುವೆಸಾಲು
ಆದ್ರೆ ಎಡಿಎಚ್‌ಡಿ ಮಕ್ಕಳ ಮನೇಲಿ ಬೈಗುಳ ಜಾಸ್ತಿ ಇರೋದು ನಿಜ ತಾನೇ?

ಸಲಹೆಗಾರ್ತಿ
ನಿಜ. ಆದರೆ ಬಾಣದ ತುದಿ ಯಾವ ಕಡೆ ಅಂತ ನೋಡಬೇಕು. ಹುಟ್ಟಿದಾಗಲೇ ದತ್ತು ಹೋದ ಮಕ್ಕಳ ಅಧ್ಯಯನದಲ್ಲಿ ಸಾಕುತಾಯಿಗೂ ಮಗುಗೂ ಜೀನಿನ ಸಂಬಂಧ ಇಲ್ಲ. ಅಲ್ಲೂ ಮಗುವಿನ ದುಡುಕು ಸಾಕುತಾಯಿಯ ಸಿಟ್ಟನ್ನ ಎಳೆದು ತಂದಿದ್ದು ಕಂಡಿದೆ. 1970ರ ದಶಕದ ಕೊನೆಗೇ ಅಮೆರಿಕದ ಮನಶ್ಶಾಸ್ತ್ರಜ್ಞ ಬಾರ್ಕ್ಲಿ ಮತ್ತು ಜೊತೆಯವರು ತೋರಿಸಿದ್ದು ಇನ್ನೂ ಸ್ವಾರಸ್ಯ: ಮಗುಗೆ ಎಡಿಎಚ್‌ಡಿಯ ಮಾತ್ರೆ ಮೀಥೈಲ್‌ಫೆನಿಡೇಟ್ ಕೊಟ್ಟಾಗ ಅಮ್ಮಂದಿರ ಆಜ್ಞೆ, ಗದರಿಕೆ ತಾನಾಗೇ ಇಳೀತು. ಮಾತ್ರೆ ತಗೊಂಡಿದ್ದು ಅಮ್ಮ ಅಲ್ಲವಲ್ಲ!

ಹಾಗಂತ ಬೈಗುಳಕ್ಕೆ ಪರಿಣಾಮವೇ ಇಲ್ಲ ಅಂತಲ್ಲ. ಸಿಟ್ಟು, ಹಟ, ಸುಳ್ಳು, "ನಾನು ದಡ್ಡ" ಅನ್ನೋ ನಂಬಿಕೆ ಇವೆಲ್ಲ ಮೇಲೆ ಕೂತ ಪದರ. ಅಲ್ಲಿ ಮನೆ ತುಂಬಾ ಲೆಕ್ಕಕ್ಕೆ ಬರುತ್ತೆ.

ಮೇಷ್ಟ್ರು_ಕಲ್ಪತರುನಾಡು
ಸಮಾಜದ ಕೈ ಎಲ್ಲಿದೆ ಅಂತ ನಾನು ಹೇಳ್ತೀನಿ: ಹಾಜರಿ ಪುಸ್ತಕದಲ್ಲಿದೆ. ಅಮೆರಿಕದಲ್ಲಿ ಶಾಲೆಗೆ ಸೇರಿಸೋಕೆ ಸೆಪ್ಟೆಂಬರ್ 1ಕ್ಕೆ ವಯಸ್ಸು ಲೆಕ್ಕ ಹಾಕೋ ರಾಜ್ಯಗಳ ಮಕ್ಕಳನ್ನ ಹೋಲಿಸಿ 2018ರಲ್ಲಿ ಒಂದು ಅಧ್ಯಯನ ಬಂತು. ಆಗಸ್ಟಲ್ಲಿ ಹುಟ್ಟಿದವರು ಕ್ಲಾಸಿಗೇ ಚಿಕ್ಕವರು, ಸೆಪ್ಟೆಂಬರಿನವರು ದೊಡ್ಡವರು. 10,000ಕ್ಕೆ 85 ಆಗಸ್ಟ್ ಮಕ್ಕಳಿಗೆ ಎಡಿಎಚ್‌ಡಿ ಹಣೆಪಟ್ಟಿ, ಸೆಪ್ಟೆಂಬರಿನವರಲ್ಲಿ 64. ಒಂದು ತಿಂಗಳ ಅಂತರಕ್ಕೆ ಜೀನ್ ಬದಲಾಗುತ್ತಾ? ಚಿಕ್ಕ ಮಗುನ ದೊಡ್ಡ ಮಗುವಿನ ಪಕ್ಕ ಕೂರಿಸಿ "ಇದು ಸುಮ್ನೆ ಕೂರಲ್ಲ" ಅಂದ್ರು, ಅಷ್ಟೇ.

ನಮ್ಮಲ್ಲಿ ಒಂದನೇ ಕ್ಲಾಸಿಗೆ ಜೂನ್ 1ಕ್ಕೆ 6 ತುಂಬಿರಬೇಕು ಅಂತ ಆದೇಶ ಆಯ್ತು. ಪೋಷಕರ ಗಲಾಟೆಗೆ 2025-26ಕ್ಕೆ 5 ವರ್ಷ 5 ತಿಂಗಳಿಗೆ ಇಳಿಸಿದ್ರು. ಆ ಬ್ಯಾಚಲ್ಲಿ ಐದೂವರೆಯದೂ ಆರೂವರೆಯದೂ ಒಂದೇ ಬೆಂಚಲ್ಲಿ ಕೂತಿವೆ. ಚಟುವಟಿಕೆ ಜಾಸ್ತಿ ಅಂತ ಚೀಟಿ ಬರೆಯೋ ಮುಂಚೆ ಹುಟ್ಟಿದ ತಾರೀಖು ನೋಡ್ರಪ್ಪ.

ಮುಳ್ಳುಗಂಟಿ
ಮೇಷ್ಟ್ರಿಗೆ ಜೈ. ಇದನ್ನೇ ನಾನು ಹೇಳ್ತಿದ್ದಿದ್ದು.

ಮಕ್ಕಳವೈದ್ಯ
ಇದು ರೋಗನಿರ್ಣಯದ ದೋಷಕ್ಕೆ ಪುರಾವೆ ಮೇಷ್ಟ್ರೇ. ಎಡಿಎಚ್‌ಡಿಯೇ ಇಲ್ಲ ಅನ್ನೋದಕ್ಕಲ್ಲ. ಸೆಪ್ಟೆಂಬರಿನ 64 ಮಕ್ಕಳು ಉಳಿದೇ ಇದ್ದಾರಲ್ಲ. ಎರಡು ಬೇರೆ ಬೇರೆ ಪ್ರಶ್ನೆ ಬೆರೆಸ್ತಿದೀವಿ. ಲಕ್ಷಣ ಯಾಕೆ ಬರುತ್ತೆ ಅನ್ನೋದಕ್ಕೆ ಹೆಚ್ಚಾಗಿ ಜೀನು. ಯಾವ ಗೆರೆ ದಾಟಿದರೆ ಕಾಯಿಲೆ ಅನ್ನೋದಕ್ಕೆ ಹೆಚ್ಚಾಗಿ ಸಮಾಜ. ಗಮನ ಅನ್ನೋದು ಎತ್ತರದ ಹಾಗೆ ಎಲ್ಲರಲ್ಲೂ ಹೆಚ್ಚು ಕಡಿಮೆ ಹಂಚಿರುತ್ತೆ, 9ರಲ್ಲಿ 6 ಲಕ್ಷಣ, 17 ತುಂಬಿದವರಿಗೆ 5 ಅನ್ನೋ ಗೆರೆ ಸಮಿತಿ ಕೂತು ಎಳೆದದ್ದು. ಅಮೆರಿಕದಲ್ಲಿ 2022ರ ಸಮೀಕ್ಷೆಯಂತೆ 3ರಿಂದ 17 ವರ್ಷದ 11.4% ಮಕ್ಕಳಿಗೆ ಎಂದಾದರೂ ಈ ರೋಗನಿರ್ಣಯ ಆಗಿದೆ. ಒಂದೇ ಅಳತೆಗೋಲು ಹಿಡಿದು ಜಗತ್ತಿನ ಅಧ್ಯಯನಗಳನ್ನ ಒಟ್ಟುಮಾಡಿದಾಗ ಸಿಕ್ಕಿದ್ದು 5% ಆಸುಪಾಸು. ನಡುವಿನ ಅಂತರದಲ್ಲಿ ಶಾಲೆ, ವಿಮೆ, ಔಷಧ ಕಂಪನಿ ಎಲ್ಲಾ ಇವೆ.

ಪೇಡೆನಗರ
ಎಲ್ಲಾ ಸರಿ, ನನ್ನ ಮೊಬೈಲಿಗೆ ಉತ್ತರ ಯಾರೂ ಕೊಡಲಿಲ್ರೀ.

ಅಂಕಿಅಂಶ
ತಗೊಳ್ರಿ. ಲಾಸ್ ಏಂಜಲೀಸಿನಲ್ಲಿ ಶುರುವಿನಲ್ಲಿ ಲಕ್ಷಣ ಇಲ್ಲದ 15-16ರ 2,587 ಮಕ್ಕಳನ್ನ ಎರಡು ವರ್ಷ ನೋಡಿದರು, 2018ರಲ್ಲಿ ಪ್ರಕಟ ಆಯ್ತು. ಡಿಜಿಟಲ್ ಬಳಕೆ ಹೆಚ್ಚಿದ್ದವರಲ್ಲಿ ಆಮೇಲೆ ಲಕ್ಷಣ ಸ್ವಲ್ಪ ಹೆಚ್ಚು. ಸಂಬಂಧ ಇದೆ, ಸಣ್ಣದು, ಕಾರಣ ಅಂತ ಸಾಬೀತಾಗಿಲ್ಲ. ಅಲ್ಲದೆ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ಲಂಡನ್ನಿನಲ್ಲಿ ಇಂಥ ಮಕ್ಕಳ ಬಗ್ಗೆ ಉಪನ್ಯಾಸ ಕೊಟ್ಟಿದ್ದು 1902ರಲ್ಲಿ. ಆಗ ರೀಲ್ಸ್ ಇರಲಿಲ್ಲ.

ಪೇಡೆನಗರ
ಆತ್ ಬಿಡ್ರಿ. ಆದ್ರೂ ರಾತ್ರಿ ಮೂರರ ತನಕ ನೋಡಿದ್ರ ಮುಂಜಾನೆ ಕ್ಲಾಸಿನ್ಯಾಗ ಯಾರಿಗೆ ಗಮನ ಇರ್ತದ?

ಮಕ್ಕಳವೈದ್ಯ
ಈ ಮಾತು ಪಕ್ಕಾ. ನಿದ್ದೆಗೆಟ್ಟ ಮೆದುಳು ಎಡಿಎಚ್‌ಡಿ ಥರಾನೇ ಕಾಣುತ್ತೆ. ದೊಡ್ಡವರಾದ ಮೇಲೆ ಹೊಸದಾಗಿ ಶುರುವಾಯ್ತು ಅನ್ನೋ ಪ್ರಕರಣಗಳನ್ನ ಕೂಲಂಕಷವಾಗಿ ನೋಡಿದ 2018ರ ಒಂದು ಅಧ್ಯಯನದಲ್ಲಿ, ಪ್ರಶ್ನಾವಳಿಯಲ್ಲಿ ಸಿಕ್ಕಿಬಿದ್ದ ಸುಮಾರು 95% ಮಂದಿ ಪರೀಕ್ಷಿಸಿದ ಮೇಲೆ ಬಿದ್ದುಹೋದರು. ಬೇರೆ ಮಾನಸಿಕ ಸಮಸ್ಯೆ, ಮಾದಕ ವಸ್ತು ಇಂಥದ್ದೇ ಕಾರಣ ಸಿಕ್ಕವು, ಇಲ್ಲವೇ ತೊಂದರೆ ಅಷ್ಟಿರಲೇ ಇಲ್ಲ.

ಹಾಗಾಗಿ ಹಾಸ್ಟೆಲ್ ಹುಡುಗನ ವಿಷಯದಲ್ಲಿ ಇವನ್ನ ಬಿಡಬಾರದು: ಎರಡು ವಾರದ ನಿದ್ದೆಯ ಲೆಕ್ಕ, ಗೊರಕೆ, ಹಿಮೋಗ್ಲೋಬಿನ್ ಜೊತೆಗೆ ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ), ಥೈರಾಯ್ಡಿಗೆ ಟಿಎಸ್‌ಎಚ್, ಖಿನ್ನತೆ, ಗಾಂಜಾ. ಚಿಕ್ಕ ಮಕ್ಕಳಾದರೆ ಕಣ್ಣು, ಕಿವಿ, ಮೂಗಿನ ಹಿಂದಿನ ಅಡಿನಾಯ್ಡ್ ಗ್ರಂಥಿ. ಮಾತಿನ ನಡುವೆ ಹತ್ತಿಪ್ಪತ್ತು ಸೆಕೆಂಡು ದೃಷ್ಟಿ ನೆಟ್ಟು ನಿಂತು, ಆಮೇಲೆ ಏನೂ ಆಗದ ಹಾಗೆ ಮುಂದುವರಿದರೆ ಅದು ಒಂದು ಬಗೆಯ ಅಪಸ್ಮಾರ ಇರಬಹುದು, ಮೆದುಳಿನ ವಿದ್ಯುತ್ ಚಟುವಟಿಕೆ ನೋಡೋ ಇಇಜಿ ಮಾಡಿಸಬೇಕು. ಎಡಿಎಚ್‌ಡಿಗೇ ಅಂತ ಯಾವ ಸ್ಕ್ಯಾನೂ ರಕ್ತಪರೀಕ್ಷೆಯೂ ಇಲ್ಲ. ಮೆದುಳಿನ ಅಳತೆಯಲ್ಲಿ ಸಾವಿರಾರು ಜನರ ಸರಾಸರಿಯಲ್ಲಿ ಸಣ್ಣ ವ್ಯತ್ಯಾಸ ಕಾಣುತ್ತೆ, ಒಬ್ಬನ ಚಿತ್ರ ನೋಡಿ ಹೇಳೋಕಾಗಲ್ಲ. "ಬ್ರೇನ್ ಮ್ಯಾಪಿಂಗ್ ಮಾಡಿ ಎಡಿಎಚ್‌ಡಿ ಹೇಳ್ತೀವಿ" ಅಂತ ದುಡ್ಡು ಕೇಳಿದರೆ ಎದ್ದು ಬನ್ನಿ.

ದೂರದಊರು
ಹೆಣ್ಣುಮಕ್ಕಳ ಮಾತೇ ಯಾರೂ ಎತ್ತಿಲ್ಲ. ಹುಡುಗ ಬೆಂಚ್ ಹತ್ತಿ ಕುಣೀತಾನೆ, ಸಿಕ್ಕಿಬೀಳ್ತಾನೆ. ಹುಡುಗಿ ಕಿಟಕಿ ನೋಡ್ತಾ ಕೂರ್ತಾಳೆ, ನೋಟ್ಸನ್ನ ಗೆಳತಿಯಿಂದ ರಾತ್ರಿಯೆಲ್ಲಾ ಕಾಪಿ ಮಾಡ್ತಾಳೆ, ಎಲ್ಲದಕ್ಕೂ ಮೂರು ಅಲಾರಾಂ ಇಟ್ಟುಕೊಳ್ತಾಳೆ. ಬಾಲ್ಯದಲ್ಲಿ ಆಸ್ಪತ್ರೆಗೆ ಬರೋರಲ್ಲಿ ಗಂಡು ಮಕ್ಕಳು ಎರಡು ಮೂರು ಪಟ್ಟು, ದೊಡ್ಡವರಲ್ಲಿ ಹೆಚ್ಚೂಕಡಿಮೆ ಸಮ. ಇಷ್ಟು ವರ್ಷ ಅವರು ಎಲ್ಲಿದ್ದರು? ಮದುವೆ, ಮಗು, ಆಫೀಸು ಮೂರೂ ಒಟ್ಟಿಗೆ ಬಿದ್ದಾಗ ಆ ಮೂರು ಅಲಾರಾಂ ಸಾಲದೇ ಹೋಗುತ್ತೆ, ಆಗ ವೈದ್ಯರ ಹತ್ತಿರ ಹೋದರೆ "ಆಂಕ್ಸೈಟಿ" ಅಂತ ಬರೆದುಕೊಡ್ತಾರೆ.

ಸಲಹೆಗಾರ್ತಿ
ಮೇಡಂ ಹೇಳಿದ್ದು ಮೊದಲ ಪ್ರಶ್ನೆಗೇ ಉತ್ತರ. ನಿಭಾಯಿಸೋ ಉಪಾಯಗಳಿಂದ ಎಡಿಎಚ್‌ಡಿ ಹುಟ್ಟಲ್ಲ. ಅವು ಅದನ್ನ ಮುಚ್ಚಿಡ್ತವೆ. ಮುಚ್ಚಿಡೋದಕ್ಕೂ ದಂಡ ತೆರಬೇಕು: ಸುಸ್ತು, ಭಯ, ನಿದ್ದೆ.

ಹಾಸ್ಟೆಲ್‌ವಾರ್ಡನ್
ಚರ್ಚೆ ಚೆನ್ನಾಗಿದೆ. ಈಗ ನಾಳೆ ಬೆಳಗ್ಗೆ ಏನು ಮಾಡೋದು ಅಂತ ಯಾರಾದ್ರೂ ಹೇಳಿ.

ಸಲಹೆಗಾರ್ತಿ
ಮನೇಲಿದ್ದ ವ್ಯವಸ್ಥೆಯನ್ನ ಹಾಸ್ಟೆಲಿನಲ್ಲಿ ಬೇರೆ ರೂಪದಲ್ಲಿ ಕಟ್ಟಬೇಕು. ಬುದ್ಧಿವಾದ ಉಪಯೋಗಕ್ಕಿಲ್ಲ. ಏನು ಮಾಡಬೇಕು ಅಂತ ಅವನಿಗೆ ಗೊತ್ತು, ಮಾಡಬೇಕಾದ ಕ್ಷಣದಲ್ಲಿ ಅದು ಕೈಗೆ ಸಿಗಲ್ಲ. ನೆರವು ಆ ಜಾಗದಲ್ಲೇ, ಆ ಹೊತ್ತಲ್ಲೇ ಇರಬೇಕು.

"ರೆಕಾರ್ಡ್ ಮುಗಿಸು" ಅನ್ನಬೇಡಿ. "ಮೂರನೇ ಎಕ್ಸ್‌ಪೆರಿಮೆಂಟಿನ ಟೇಬಲ್ ಗೆರೆ ಎಳಿ" ಅನ್ನಿ. 15 ನಿಮಿಷ ಕೆಲಸ, 5 ನಿಮಿಷ ಎದ್ದು ಓಡಾಟ. ಟೈಮರ್ ಕಣ್ಣಿಗೆ ಕಾಣೋ ಗಡಿಯಾರದಲ್ಲಿರಲಿ. ಫೋನಿನಲ್ಲಿಟ್ಟರೆ ಟೈಮರ್ ನೋಡೋಕೆ ಹೋದೋನು ವಾಪಸ್ ಬರಲ್ಲ. ಪಕ್ಕದಲ್ಲಿ ಇನ್ನೊಬ್ಬ ಕೂತು ತನ್ನ ಕೆಲಸ ತಾನು ಮಾಡಿಕೊಂಡಿದ್ದರೆ ಸಾಕು, ಕಾವಲು ಕಾಯಬೇಕಿಲ್ಲ, ಮಾತೂ ಬೇಡ. ಅಸೈನ್‌ಮೆಂಟ್ ಕೊನೇ ದಿನ 20 ಅಂದರೆ 13ಕ್ಕೂ 17ಕ್ಕೂ ಅರ್ಧಂಬರ್ಧ ಮಾಡಿದ್ದನ್ನೇ ತೋರಿಸೋ ಕರಾರು ಇರಲಿ. ಶಹಭಾಸ್‌ಗಿರಿ ಆವತ್ತೇ ಸಿಗಬೇಕು. ಸೆಮಿಸ್ಟರ್ ಕೊನೆಯ ಮಾರ್ಕ್ಸು ಇವರಿಗೆ ತುಂಬಾ ದೂರದ ಮಾತು.

ಕೆಡೋದು ಎಲ್ಲಿ ಅಂದ್ರೆ, ಮೂರು ವಾರ ಚೆನ್ನಾಗಿ ನಡೆದ ಮೇಲೆ "ಈಗ ಸರಿಹೋದ" ಅಂತ ಎಲ್ಲಾ ಒಟ್ಟಿಗೆ ನಿಲ್ಲಿಸ್ತಾರೆ. ಇನ್ನೊಂದು, ಒಂದೇ ದಿನ ಆ್ಯಪ್, ಪ್ಲ್ಯಾನರ್, ಬಣ್ಣದ ಪೆನ್ನು, ಬೆಳಗಿನ ಜಾಗಿಂಗ್ ಎಲ್ಲಾ ಶುರು. ಒಂದು ವಾರದಲ್ಲಿ ಎಲ್ಲಾ ಮೂಲೆಗೆ.

ಮದ್ದಿನಂಗಡಿ
ಮಾತ್ರೆ ವಿಷಯಕ್ಕೆ ಎರಡು ಮಾತು. ಮೀಥೈಲ್‌ಫೆನಿಡೇಟ್ ಎನ್‌ಡಿಪಿಎಸ್ (ಮಾದಕ ವಸ್ತು ನಿಯಂತ್ರಣ) ಕಾಯ್ದೆಯಡಿ ಬರುತ್ತೆ, ಚೀಟಿ ಇಲ್ಲದೆ ಯಾರೂ ಕೊಡಬಾರದು, ಎಲ್ಲಾ ಅಂಗಡೀಲೂ ಸ್ಟಾಕ್ ಇರಲ್ಲ. ಖಾಲಿಯಾಗೋ ಒಂದು ವಾರ ಮುಂಚೆ ವಿಚಾರಿಸಿ. ಸಾಮಾನ್ಯವಾಗಿ 5 ಮಿಲಿಗ್ರಾಂನಿಂದ ಶುರು ಮಾಡಿ ವೈದ್ಯರು ವಾರ ವಾರ ಏರಿಸ್ತಾರೆ. ಸಾದಾ ಮಾತ್ರೆ 3-4 ಗಂಟೆ ಕೆಲಸ ಮಾಡುತ್ತೆ, ನಿಧಾನ ಬಿಡುಗಡೆಯದು 8ರಿಂದ 12. ಮಧ್ಯಾಹ್ನ ಹಸಿವು ಸಾಯುತ್ತೆ, ಅದಕ್ಕೆ ತಿಂಡಿ ತಿಂದೇ ಮಾತ್ರೆ, ರಾತ್ರಿ ಊಟ ಗಟ್ಟಿ. ಸಂಜೆ ತಗೊಂಡರೆ ನಿದ್ದೆ ಬರಲ್ಲ. ನಾಡಿ, ಬಿಪಿ, ಮಕ್ಕಳಾದರೆ ಎತ್ತರ-ತೂಕ ಆಗಾಗ ನೋಡಬೇಕು. ಎಡಿಎಚ್‌ಡಿಯ ಇನ್ನೊಂದು ಮಾತ್ರೆ ಅಟಾಮಾಕ್ಸೆಟಿನ್ ಬೇರೆ ಜಾತಿ, ಪರಿಣಾಮ ಕಾಣೋಕೆ 4ರಿಂದ 6 ವಾರ ಬೇಕು. ಹತ್ತು ದಿನಕ್ಕೆ "ಏನೂ ಆಗ್ಲಿಲ್ಲ" ಅಂತ ಬಿಟ್ಟುಬಿಡೋರೇ ಜಾಸ್ತಿ. ಗೆಳೆಯನ ಮಾತ್ರೆ ಪರೀಕ್ಷೆ ಹಿಂದಿನ ರಾತ್ರಿ ನುಂಗೋ ಹುಡುಗರಿಗೆ ಒಂದು ಮಾತು: ಅದು ಅಪರಾಧ, ಎದೆ ಬಡಿತವೂ ನಿಮ್ಮದೇ.

ಮುಳ್ಳುಗಂಟಿ
ಮಾತ್ರೆ ಕೆಲಸ ಮಾಡ್ತು ಅಂದ್ರೆ ಹುಟ್ಟಿನ ಕಾಯಿಲೆ ಅಂತ ಸಾಬೀತಾ?

ಮದ್ದಿನಂಗಡಿ
ಇಲ್ಲ ಸ್ವಾಮಿ. ಎಡಿಎಚ್‌ಡಿ ಇಲ್ಲದವರಿಗೂ ಸ್ವಲ್ಪ ಚುರುಕು ಬರುತ್ತೆ. ಔಷಧಿಯಿಂದ ರೋಗನಿರ್ಣಯ ಮಾಡೋಕಾಗಲ್ಲ.

ಅಂಕಿಅಂಶ
ಎಡಿಎಚ್‌ಡಿ ಚಿಕಿತ್ಸೆಗಳನ್ನ ಹೋಲಿಸಿದ ಅಮೆರಿಕದ ಎಂಟಿಎ ಅಧ್ಯಯನ ಸೇರಿಸ್ತೀನಿ. 579 ಮಕ್ಕಳು, 14 ತಿಂಗಳ ಚಿಕಿತ್ಸೆ, ಫಲಿತಾಂಶ 1999ರಲ್ಲಿ. ಮುಖ್ಯ ಲಕ್ಷಣಗಳಿಗೆ ನಿಗಾ ಇಟ್ಟು ಕೊಟ್ಟ ಮಾತ್ರೆ ವರ್ತನಾ ಚಿಕಿತ್ಸೆಗಿಂತ ಮೇಲು ಅಂತ ಬಂತು. ಮೂರನೇ ವರ್ಷಕ್ಕೆ ಗುಂಪುಗಳ ನಡುವೆ ವ್ಯತ್ಯಾಸವೇ ಉಳಿಯಲಿಲ್ಲ. ನಿಗಾ ನಿಂತ ಮೇಲೆ ಒಬ್ಬೊಬ್ಬರು ಒಂದೊಂದು ದಾರಿ ಹಿಡಿದರು, ಮಾತ್ರೆ ಬಿಟ್ಟವರೂ ಉಂಟು, ಶುರು ಮಾಡಿದವರೂ ಉಂಟು. ಎರಡೂ ಪಕ್ಷದವರು ತಮಗೆ ಬೇಕಾದ ಅರ್ಧ ಮಾತ್ರ ಹೇಳ್ತಾರೆ.

ಹಾಸ್ಟೆಲ್‌ವಾರ್ಡನ್
ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಸಿಗುತ್ತಾ?

ಸಲಹೆಗಾರ್ತಿ
ಅಲ್ಲೇ ತೊಡಕು ಸರ್. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಕಲಿಕಾ ನ್ಯೂನತೆ ಇದೆ, ಆಟಿಸಂ ಇದೆ, ಎಡಿಎಚ್‌ಡಿ ಪ್ರತ್ಯೇಕವಾಗಿ ಇಲ್ಲ. ಎಡಿಎಚ್‌ಡಿ, ಕಲಿಕಾ ನ್ಯೂನತೆ ಎರಡೂ ಒಟ್ಟಿಗೆ ಇರೋ ಮಕ್ಕಳು ಬಹಳ, ಹಾಗಾಗಿ ಓದು-ಬರಹ-ಲೆಕ್ಕದ ಪರೀಕ್ಷೆಯನ್ನೂ ಮಾಡಿಸಿ. ಮೊದಲು ಯಾರನ್ನ ಕೇಳೋದು ಅಂತ ಗೊತ್ತಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416, ಕನ್ನಡದಲ್ಲೇ ಮಾತಾಡ್ತಾರೆ. ವೈದ್ಯರ ಹತ್ತಿರ ಹೋಗೋವಾಗ ಹಳೇ ಡೈರಿ, ರಿಪೋರ್ಟ್ ಕಾರ್ಡಿನ ಷರಾ, ಬಾಲ್ಯ ನೋಡಿದ ಒಬ್ಬರು, ಮೂರೂ ಜೊತೆಗಿರಲಿ. ಅಂಕಪಟ್ಟಿ ಒಂದನ್ನೇ ತಗೊಂಡು ಹೋದರೆ "ಬುದ್ಧಿವಂತನಲ್ವಾ" ಅಂತ ವಾಪಸ್ ಕಳಿಸ್ತಾರೆ.

ಕಡಲತಡಿ
ಇಷ್ಟೆಲ್ಲ ಹೇಳಿದ್ರಿ, ಒಂದೆಲಗದ ಸುದ್ದಿಯೇ ಇಲ್ಲ! ನಮ್ಮ ಕಡೆ ಮಕ್ಕಳಿಗೆ ದಿನಾ ಬೆಳಗ್ಗೆ ಎರಡೆಲೆ ತಿನ್ನಿಸುವುದುಂಟು, ತಲೆ ಚುರುಕಾಗ್ತದೆ ಅಂತ.

ಮಕ್ಕಳವೈದ್ಯ
ತಿನ್ನಿಸಿ, ಬೇಡ ಅನ್ನಲ್ಲ. ಎಡಿಎಚ್‌ಡಿಗೆ ಔಷಧಿ ಅಂತ ನಂಬಿ ಮಾತ್ರೆ ನಿಲ್ಲಿಸಬೇಡಿ. ಬ್ರಾಹ್ಮಿ ಅಂತ ಅಂಗಡೀಲಿ ಸಿಗೋದು ಒಂದೆಲಗವೇ ಆಗಿರಬೇಕು ಅಂತಿಲ್ಲ, ನೀರುಬ್ರಾಹ್ಮಿ ಬೇರೆ ಗಿಡ, ಅದನ್ನೂ ಆ ಹೆಸರಲ್ಲೇ ಮಾರ್ತಾರೆ.

ಪೇಡೆನಗರ
ಸಕ್ರಿ ತಿಂದ್ರ ಹುಡುಗ್ರು ಹಾರ್ಯಾಡ್ತಾವಂತಲ್ರೀ, ಅದು?

ಅಂಕಿಅಂಶ
ಸುಳ್ಳು. 1994ರಲ್ಲೇ ಯಾರಿಗೂ ಗೊತ್ತಾಗದ ಹಾಗೆ ಸಕ್ಕರೆ, ಬದಲಿ ಸಿಹಿ ಕೊಟ್ಟು ನೋಡಿದ್ದಾರೆ, ವ್ಯತ್ಯಾಸ ಇಲ್ಲ. ಅದೇ ವರ್ಷದ ಇನ್ನೊಂದು ಅಧ್ಯಯನದಲ್ಲಿ "ಮಗು ಸಕ್ಕರೆ ತಿಂದಿದೆ" ಅಂತ ಸುಳ್ಳು ಹೇಳಿದ್ದಕ್ಕೇ ಅಮ್ಮಂದಿರಿಗೆ ಮಗು ಹೆಚ್ಚು ತುಂಟಾಟ ಮಾಡಿದ ಹಾಗೆ ಕಂಡಿತ್ತು. ನಿಮ್ಮೂರ ಪೇಡೆಗೆ ಖುಲಾಸೆ.

ಕಡಲತಡಿ
ಒಂದೆಲಗ ಹಸಿಯೇ ಅರೆಯಬೇಕು ಆಯ್ತಾ, ಬೇಯಿಸಬಾರದು. ತೆಂಗಿನಕಾಯಿ, ಜೀರಿಗೆ, ನಾಲ್ಕು ಕಾಳುಮೆಣಸು, ಹುಳಿ ಬಾರದ ಮಜ್ಜಿಗೆ. ತಂಬುಳಿ ಆದ ಮೇಲೆ ಚರ್ಚೆ ಮುಂದುವರಿಸುವ.

ಮುಳ್ಳುಗಂಟಿ
ಕಾಳುಮೆಣಸಲ್ಲ, ಹಸಿಮೆಣಸು. ಇದಕ್ಕೆ ಪುರಾವೆ ಕೇಳಬೇಡಿ.